ಮೂರೆಲೆಯ ಮ್ಯಾಂಡೊಲಿನ್

“ಅಯ್ಯೋ, ಅದಕ್ಕೂ ಸೀಟ್ ಬೆಲ್ಟ್ ಹಾಕ್ತಿದೀಯಲ್ಲೇ!”

ಓಮಾ ಮೆಟ್ಟಿಲ ಮೇಲಿಂದ ಕೂಗಿದಾಗ ಅರ್ಲೀನಾ ಟ್ರಕ್ಕಿನೊಳಗೆ ಅರ್ಧ ಮೈ ತೂರಿಸಿ, ಮ್ಯಾಂಡೊಲಿನ್ನಿನ ಹೊಟ್ಟೆಯ ಮೇಲೆ ಬೆಲ್ಟ್ ಎಳೆದು ಕೊಕ್ಕೆ ಸಿಕ್ಕಿಸುತ್ತಿದ್ದಳು. ಐವತ್ತು ವರ್ಷದ ಭಾನುವಾರಗಳಲ್ಲಿ ಅದು ಗಂಡ ಹೆಂಡತಿಯ ನಡುವೆ ಮಗುವಿನ ಹಾಗೆ ಕೂತು ಚರ್ಚಿಗೆ ಹೋಗಿತ್ತು. ಇವತ್ತು ಗಂಡನ ಜಾಗ ಖಾಲಿ. ಕೆಂಟುಕಿಯ ಈ ಬೆಟ್ಟದ ತಿರುವುಗಳಲ್ಲಿ ಉರುಳಿಬಿಟ್ಟರೆ ಏನು ಗತಿ?

“ಬಿದ್ರೆ ಒಡೆದುಹೋಗುತ್ತೆ ಅತ್ತಿಗೆ.”

“ಮಧ್ಯಾಹ್ನ ಮಣ್ಣಿಗೆ ಹಾಕೋ ಸಾಮಾನು ಬೆಳಿಗ್ಗೆ ಒಡೆದ್ರೆ ಏನಂತೆ?”

ಓಮಾ ಸತ್ತ ವರ್ಲಿನ್‌ನ ಅಕ್ಕ, ಎಂಬತ್ಮೂರರ ಹೆಂಗಸು. ತಮ್ಮ ಹೋದನೆಂದು ಎರಡು ದಿನ ಊಟ ಬಿಟ್ಟು ಅತ್ತಿದ್ದಳು. ಮೂರನೆಯ ದಿನಕ್ಕೆ ನಾಲಿಗೆ ಎಂದಿನ ಹರಿತಕ್ಕೆ ಬಂದಿತ್ತು. ಮ್ಯಾಂಡೊಲಿನ್ನನ್ನು ವರ್ಲಿನ್ ಜೊತೆ ಹೂಳಬೇಕೆಂದು ಅರ್ಲೀನಾ ಹೇಳಿದಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಹಾಲ್ವರ್ಸನ್ ಕಂಪ್ನೀದು ಕಣೇ ಅದು. ಈ ಕಣಿವೇಲಿ ಇನ್ಯಾರ ಮನೇಲಿದೆ ಹಾಲ್ವರ್ಸನ್? ಸೊಳ್ಳೆ ಹೊಡ್ಯೋ ಬ್ಯಾಟ್ ಹೂಳಿದ ಹಾಗೆ ಹೂಳ್ತಾಳಂತೆ!”

“ಅವರದು. ಅವರ ಜೊತೆ ಹೋಗ್ಲಿ.”

ಮಗಳು ರೆನೀಟಾ ಬೀನ್ಸಿನ ದೊಡ್ಡ ಪಾತ್ರೆ ಹೊತ್ತು ಬಂದಳು. ಪಾತ್ರೆಯ ತಳದ ಅಂಟುಪಟ್ಟಿಯ ಮೇಲೆ ‘ಸ್ಟಿಡಮ್’ ಎಂದು ಮನೆತನದ ಹೆಸರು ಬರೆದಿತ್ತು. ಹೆಸರಿಲ್ಲದ ಪಾತ್ರೆ ಚರ್ಚಿನ ಊಟಕ್ಕೆ ಹೋದರೆ ಮತ್ತೆ ಮನೆ ಸೇರುವುದಿಲ್ಲ. ಶಾಲೆಯಲ್ಲಿ ಅಡುಗೆ ಮಾಡುವವಳು ರೆನೀಟಾ. ಐವತ್ತು ದಾಟಿದರೂ ಅಮ್ಮನ ಮುಖ ನೋಡಿಯೇ ಮಾತಾಡುವವಳು.

“ಅಮ್ಮ, ಅಪ್ಪನ ಶರ್ಟ್ ಜೇಬಲ್ಲಿ ಆ ಪುಟಾಣಿ ಸ್ಕ್ರೂಡ್ರೈವರ್ ಇಟ್ಟಿದೀಯಂತೆ? ಶವಪೆಟ್ಟಿಗೆಯವರು ಕೇಳ್ತಿದ್ರು, ತೆಗೀಬೇಕಾ ಅಂತ.”

“ಇರ್ಲಿ ಬಿಡು. ಈ ಹತ್ತು ಹನ್ನೆರಡು ವರ್ಷದಲ್ಲಿ ಅದಿಲ್ದೆ ಅವರನ್ನ ಯಾವತ್ತು ನೋಡಿದೀನಿ?”

“ಏನಕ್ಕೆ ಅದು? ಕನ್ನಡಕದ್ದಾ?”

“ನಿಮ್ಮಪ್ಪ ಕನ್ನಡಕ ಹಾಕಿದ್ದನ್ನ ನೋಡಿದೀಯಾ?” ಎಂದಳು ಅರ್ಲೀನಾ. ಅಷ್ಟು ಹೇಳಿದ ಮೇಲೆ ಅವಳಿಗೂ ಅದು ಏನಕ್ಕೆಂದು ಗೊತ್ತಿಲ್ಲ ಎನ್ನುವುದು ಹೊಳೆಯಿತು. ಶಾಲೆಯ ಬಸ್ಸು ಮೂವತ್ತೊಂದು ವರ್ಷ ಓಡಿಸಿದ ಮನುಷ್ಯ. ಎಂಥದೋ ತಿರುಪು ಬಿಗಿಮಾಡುವುದಕ್ಕೆ ಇರಬೇಕು ಎಂದುಕೊಂಡೇ ಕಾಲ ಕಳೆದಿದ್ದಳು.

ರೆನೀಟಾ ಓಡಿಸುತ್ತಿದ್ದ ಟ್ರಕ್ಕು ಚರ್ಚಿನ ಅಂಗಳಕ್ಕೆ ತಿರುಗಿದೊಡನೆ ಅರ್ಲೀನಾಳ ಅಂಗೈ ತಾನಾಗಿ ತಂತಿಗಳ ಮೇಲೆ ಹೋಗಿ ಕೂತಿತು. ಅವರ ಪಂಗಡದ ಚರ್ಚಿನಲ್ಲಿ ವಾದ್ಯ ನಿಷಿದ್ಧ. ದೇವರಿಗೆ ಕೊರಳು ಸಾಕು, ಮರ ತಂತಿ ಬೇಡ. ಪ್ರಾರ್ಥನೆ ಮುಗಿದ ಮೇಲೆ ವರ್ಲಿನ್ ವೃದ್ಧಾಶ್ರಮದಲ್ಲಿ ಬಾರಿಸಲು ಹೋಗುತ್ತಿದ್ದುದರಿಂದ ಮ್ಯಾಂಡೊಲಿನ್ ಟ್ರಕ್ಕಿನಲ್ಲೇ ಕಾಯುತ್ತಿತ್ತು. ಅಂಗಳದ ಗುಂಡಿಗಳಲ್ಲಿ ಟ್ರಕ್ಕು ಕುಲುಕಿದಾಗ ತಂತಿಗಳು ತಾವಾಗಿ ಗುಂಯ್ ಎನ್ನುತ್ತಿದ್ದವು. “ಅರ್ಲೀನಾ, ಕೈ” ಎನ್ನುತ್ತಿದ್ದ ಅವನು. ಇವಳು ಸದ್ದಡಗಲೆಂದು ಅಂಗೈ ಇಡುತ್ತಿದ್ದಳು. ಮದುವೆಯಾಗಿ ಐವತ್ತಾರು ವರ್ಷದಲ್ಲಿ ಗಂಡನ ಸಂಗೀತಕ್ಕೆ ಅವಳು ಮಾಡಿದ ಸೇವೆ ಅದೊಂದೇ ಎಂದು ಓಮಾ ಕುಟುಕುವುದಿತ್ತು.

ಓಮಾಗೆ ಗೊತ್ತಿಲ್ಲದ್ದು ಒಂದಿತ್ತು.

*

ಮದುವೆಯಾದ ಮರುವರ್ಷ, ಇಪ್ಪತ್ತರ ಅರ್ಲೀನಾ ಒಂದು ಇಡೀ ಬೇಸಿಗೆ ಬ್ಲ್ಯಾಕ್‌ಬೆರಿ ಬಿಡಿಸಿದಳು. ಮುಳ್ಳು ಗೀರಿ ಮೊಣಕೈವರೆಗೆ ರಕ್ತ, ಪೊದೆಯ ಬುಡದಲ್ಲಿ ಹಾವು, ಮೈಯೆಲ್ಲ ಕೆಂಪು ಹುಳದ ಕಡಿತ. ಹಂದಿಕೊಬ್ಬಿನ ಖಾಲಿ ಬಕೆಟ್ಟುಗಳಲ್ಲಿ ಹನ್ನೆರಡು ಬಕೆಟ್ಟು ತುಂಬಿಸಿ, ಮನೆಮನೆಗೆ ಹೊತ್ತು ಮಾರಿ, ಪಟ್ಟಣದ ಅಂಗಡಿಯ ಕಿಟಕಿಯಲ್ಲಿ ನೇತುಹಾಕಿದ್ದ ಹಳೆಯ ಮ್ಯಾಂಡೊಲಿನ್ ತಂದು ಕ್ರಿಸ್‌ಮಸ್ ದಿನ ಗಂಡನ ಕೈಗೆ ಕೊಟ್ಟಳು. ಅಂಚಿಗೆ ಬಿಳಿ ಕಟ್ಟಿಲ್ಲ, ಮುತ್ತಿನ ಚಿಪ್ಪಿಲ್ಲ, ಚಪ್ಪಟೆ ಬೆನ್ನು. ತಲೆಯ ಮೇಲೆ ಹಸಿರು ಬಣ್ಣದಲ್ಲಿ ಮೂರೆಲೆಯ ಗುರುತು, ಕೆಳಗೆ ಬಿಳಿಯಲ್ಲಿ ಆ ಮೇವಿನ ಸೊಪ್ಪಿನದೇ ಹೆಸರು, ‘ಕ್ಲೋವರ್’. ಬರಗೆಟ್ಟ ಮೂವತ್ತರ ದಶಕದಲ್ಲಿ ಬಡವರಿಗೆಂದೇ ಅಂಚೆಯಲ್ಲಿ ಮಾರಿದ ಅಗ್ಗದ ಮಾಲು. ವರ್ಲಿನ್ ಅದನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟ.

ವಸಂತ ಬಂತು. ಶನಿವಾರ ಬೆಳಿಗ್ಗೆ ರೇಡಿಯೋದಲ್ಲಿ ಬಾರಿಸುವ ತಂಡವೊಂದು ಅವನನ್ನು ಕರೆಯಿತು. ಅಭ್ಯಾಸದ ದಿನ ಅರ್ಲೀನಾ ಎಲ್ಲರಿಗೂ ಕಡುಬು ಮಾಡಿ ಒಯ್ದಿದ್ದಳು. ತಂಡದ ಮುಖ್ಯಸ್ಥ ಪಿಟೀಲು ಕೆಳಗಿಟ್ಟು, ವರ್ಲಿನ್‌ನ ಮ್ಯಾಂಡೊಲಿನ್ನನ್ನು ಎತ್ತಿ ಹಿಡಿದ.

“ಎಲೆ ಬೇರೆ ಇದೆಯಲ್ಲೋ! ಹೊರಗೆ ಇಡಬೇಡ, ಹಸು ಮೇಯ್ದುಬಿಡುತ್ತೆ.”

ಎಲ್ಲರೂ ನಕ್ಕರು. ಪಾಪ, ವರ್ಲಿನ್ನೂ ನಕ್ಕ. ಕಡುಬಿನ ತಟ್ಟೆ ಹಿಡಿದಿದ್ದ ಅರ್ಲೀನಾ ನಗಲಿಲ್ಲ.

ಆ ವಾರವೇ ಅವನು ವಾದ್ಯ ರಿಪೇರಿಯವನೊಬ್ಬನಿಂದ ಮುರಿದ ಹಾಲ್ವರ್ಸನ್‌ನ ಚೂರೊಂದನ್ನು ಬೇಡಿ ತಂದ. ಹಾಲ್ವರ್ಸನ್ ಎಂದರೆ ಸಿರಿವಂತರ ವಾದ್ಯ; ಕರಿಮರದಲ್ಲಿ ಚಿಪ್ಪಿನ ಅಕ್ಷರಗಳು ಮಿನುಗುತ್ತಿದ್ದವು. ಬಿರಡೆಗಳ ನಡುವೆ ಕೂರುವಷ್ಟಗಲಕ್ಕೆ ಅದನ್ನು ಕೊಯ್ದು, ಮೂರೆಲೆಯ ಮೇಲೆ ಎರಡು ಹಿತ್ತಾಳೆಯ ತಿರುಪಿನಿಂದ ಕೂರಿಸಿದ.

“ಜನ ನೋಡ್ತಾರಲ್ಲ” ಎಂದ, ಅವಳು ಏನೂ ಕೇಳದಿದ್ದರೂ.

“ಚೆನ್ನಾಗಿದೆ” ಎಂದಳು ಅರ್ಲೀನಾ.

ಎಂಟು ಶನಿವಾರಕ್ಕೆ ತಂಡ ಮುರಿಯಿತು. ಮುಖ್ಯಸ್ಥ ಕಾರಿನ ಕಾರ್ಖಾನೆ ಹುಡುಕಿಕೊಂಡು ಉತ್ತರಕ್ಕೆ ಹೋದ. ಆದರೆ ಆ ಹೆಸರು ಅಲ್ಲೇ ಉಳಿಯಿತು. ಕಣಿವೆಯ ಜನ ಹಾಲ್ವರ್ಸನ್ ಅಂದರು, ಮಗಳು ಹಾಲ್ವರ್ಸನ್ ಎಂದೇ ಕಲಿತಳು. ಅರ್ಲೀನಾ ಅದರ ಧೂಳು ಒರೆಸುವಾಗ ತಲೆಯನ್ನು ಮಾತ್ರ ಬಿಟ್ಟು ಒರೆಸುತ್ತಿದ್ದಳು. ಅವಳ ಹನ್ನೆರಡು ಬಕೆಟ್ಟಿಗೆ ಅವನು ನಾಚಿದ್ದ. ಒಳ್ಳೆಯ ಗಂಡನೇ, ಒಂದು ದಿನ ಕೈಯೆತ್ತಿದವನಲ್ಲ, ಗಟ್ಟಿ ದನಿ ತೆಗೆದವನಲ್ಲ. ಆದರೂ ಇದೊಂದು ಗಂಟಲಲ್ಲಿ ಸಿಕ್ಕಿದ್ದು ಕೆಳಗಿಳಿಯಲೇ ಇಲ್ಲ.

*

ಅಂಗಳದಲ್ಲಿ ಅಪರಿಚಿತ ಮುದುಕನೊಬ್ಬ ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದ. ಕಾರಿನ ಮೇಲೆ ಒಹಾಯೊ ನಂಬರು.

“ಕ್ಷಮಿಸಿ, ಬ್ಲ್ಯಾಕ್‌ಬೆರಿಯವರ ಅಂತ್ಯಕ್ರಿಯೆ ಇಲ್ಲೇ ಅಲ್ವಾ?”

“ಯಾವ ಬೆರಿ?” ಎಂದಳು ಓಮಾ. “ಇದು ಚರ್ಚಪ್ಪಾ, ತರಕಾರಿ ಸಂತೆ ಅಲ್ಲ.”

“ಅಲ್ಲ, ವರ್ಲಿನ್ ಸ್ಟಿಡಮ್. ನಾವು ಅವರನ್ನ ಹಾಗೇ ಕರೀತಿದ್ವಿ. ನಾನು ಲೋವೆಲ್ ಫೆನರ್. ಪ್ರತಿ ಜುಲೈ ನಮ್ಮೂರಿಗೆ ಬರ್ತಿದ್ರು.”

ಜುಲೈಯೆಂದರೆ ಅರ್ಲೀನಾ ಬೀನ್ಸು ಬೇಯಿಸಿ ಸೀಸೆಗೆ ತುಂಬುವ ತಿಂಗಳು. ಒಹಾಯೊದಲ್ಲಿ ಒಂದಿಷ್ಟು ಮುದುಕರ ಜೊತೆ ಬಾರಿಸಿ ಬರುತ್ತೇನೆ ಎಂದು ವರ್ಲಿನ್ ಮೂರು ದಿನ ಹೋಗಿಬರುತ್ತಿದ್ದ. ಒಮ್ಮೆಯೂ ಅವಳನ್ನು ಕರೆದಿರಲಿಲ್ಲ. ಕರೆದಿದ್ದರೂ ಬೀನ್ಸು ಬಿಟ್ಟು ಅವಳು ಹೋಗುತ್ತಿರಲಿಲ್ಲ.

ಲೋವೆಲ್ ಟ್ರಕ್ಕಿನ ಕಿಟಕಿಯಲ್ಲಿ ಇಣುಕಿ, ಕೈಯಿಂದ ಬಿಸಿಲು ಮರೆಮಾಡಿಕೊಂಡು ನೋಡಿದ. ಹುಬ್ಬು ಗಂಟಾಯಿತು.

“ಇದ್ಯಾವುದು? ಅವರ ಹತ್ರ ಎರಡಿತ್ತಾ?”

“ಒಂದೇ. ಹಾಲ್ವರ್ಸನ್” ಎಂದಳು ರೆನೀಟಾ.

“ಹಾಲ್ವರ್ಸನ್ ಹೆಸರಲ್ಲಿ ಚಪ್ಪಟೆ ಬೆನ್ನಿನದು ಜನ್ಮದಲ್ಲಿ ಬಂದಿಲ್ಲ ಕಣಮ್ಮ. ಅವರು ಹನ್ನೆರಡು ವರ್ಷದಿಂದ ನಮ್ಮಲ್ಲಿಗೆ ತರ್ತಿದ್ದುದು ಕ್ಲೋವರ್...” ಆ ಎರಡು ತಿರುಪುಗಳ ಮೇಲೆ ಅವನ ಕಣ್ಣು ಬಿದ್ದಿತ್ತು. “ಅಯ್ಯೋ ವರ್ಲಿನ್. ಪ್ರತಿ ಸಲವೂ ವಾಪಸ್ ಹಾಕ್ಕೊಂಡು ಬರ್ತಿದ್ದೆಯಾ?”

ಅರ್ಲೀನಾ ಟ್ರಕ್ಕಿನ ಬಾಗಿಲು ಹಿಡಿದುಕೊಂಡಳು. “ಸರಿಯಾಗಿ ಹೇಳಿ. ಏನು ವಾಪಸ್?”

ಲೋವೆಲ್ ಹ್ಯಾಟನ್ನು ತಿರುಗಿಸುತ್ತಾ ಹೇಳಿದ. ಅವನೂ ಅವನ ಗೆಳೆಯರೂ ಹಳೆಯ ಅಗ್ಗದ ಮ್ಯಾಂಡೊಲಿನ್ನುಗಳನ್ನು ಹುಡುಕುವವರು. ದುಬಾರಿಯವು ಅವರಿಗೆ ಬೇಡ.

“ಹುಚ್ಚು ಅಂತೀರೇನೋ. ನೋಡಿ, ಹಾಲ್ವರ್ಸನ್ ಕೊಂಡವರು ಮಖಮಲ್ಲು ಸುತ್ತಿ ಇಟ್ರು, ಅವೆಲ್ಲ ಉಳ್ಕೊಂಡ್ವು. ಕ್ಲೋವರ್ ಕೊಂಡವರು ಬಾರಿಸಿದ್ರು. ಗಣಿಗೆ ಒಯ್ದ್ರು, ಮಳೇಲಿ ನೆನೆಸಿದ್ರು, ಮಕ್ಕಳ ಕೈಗೆ ಕೊಟ್ರು, ಮುರಿದ ಮೇಲೆ ಒಲೆಗೆ ಹಾಕಿದ್ರು. ಎರಡನ್ನೂ ಮಾಡಿದ್ದು ಅದೇ ಕಾರ್ಖಾನೆ, ಅದೇ ಬೆಂಚು, ಅದೇ ಬಡಗಿಗಳು. ಚಿಪ್ಪು ಇಲ್ಲ, ಬೆನ್ನು ಚಪ್ಪಟೆ, ಅಷ್ಟೇ. ದೇಶವೆಲ್ಲ ಹುಡುಕಿದ್ರೂ ನಮಗೆ ಸಿಕ್ಕಿದ್ದು ಹದಿನೇಳು. ನಿಮ್ಮದು ಹದಿನೆಂಟನೇದು.”

“ಇದರ ಮೇಲೆ ಆ ಹೆಸರು ಕಾಣ್ತಿರ್ಲಿಲ್ವಲ್ಲ. ನಿಮಗೆ ಹೇಗೆ ಗೊತ್ತಾಯ್ತು?” ಎಂದಳು ಅರ್ಲೀನಾ.

“ಮೊದಲ ವರ್ಷ ಹೀಗೇ ತಂದಿದ್ರು. ನಮ್ಮವನೊಬ್ಬ ನೋಡಿದವನೇ ‘ಯಾರೋ ನಿಮಗೆ ಸುಳ್ಳು ಹೆಸರು ಅಂಟಿಸಿ ಮೋಸ ಮಾಡಿದಾರೆ’ ಅಂದ. ವರ್ಲಿನ್ ಮುಖ ಸುಣ್ಣದ ಗೋಡೆ ಆಯ್ತು. ‘ಮಾಡಿದವನು ನಾನೇ’ ಅಂದ್ರು. ಯಾರದೋ ಸ್ಕ್ರೂಡ್ರೈವರ್ ಇಸ್ಕೊಂಡು ಅಲ್ಲೇ ಬಿಚ್ಚಿದ್ರು. ಒಳಗೆ ಎಲೆ ಹೊಚ್ಚ ಹೊಸದಾಗಿತ್ತು, ಅಮ್ಮಾ. ಮೂವತ್ತು ಜನ ಸುತ್ತ ನಿಂತು ಬಗ್ಗಿ ನೋಡಿದ್ವಿ. ಆಮೇಲೆ ಅವರು ನಿಮ್ಮ ಕಥೆ ಹೇಳಿದ್ರು.”

“ನನ್ನ ಕಥೆ?”

“ಹನ್ನೆರಡು ಬಕೆಟ್ಟು. ಆ ಹಾವು. ಪ್ರತಿ ವರ್ಷ ಹೊಸಬರು ಬಂದಾಗೆಲ್ಲ ಹೇಳೋರು. ಒಂದು ಬಕೆಟ್ಟು ಕಮ್ಮಿಯಾಗೋ ಹಾಗಿಲ್ಲ. ಅದಕ್ಕೇ ಬ್ಲ್ಯಾಕ್‌ಬೆರಿ ಅನ್ನೋ ಹೆಸರು ಬಿತ್ತು. ಒಂದ್ಸಲ ಅಮ್ಮಾವರನ್ನ ಕರ್ಕೊಂಡು ಬನ್ರೀ ಅಂದೆ. ‘ಹೇಗೆ ಕರೀಲಿ? ಕರೆದ್ರೆ ನಾನು ಮುಚ್ಚಿದ್ದನ್ನ ನೆನಪು ಮಾಡಿದ ಹಾಗಾಗುತ್ತೆ. ಅವಳು ಮರ್ತಿದಾಳೆ, ಮರ್ತೇ ಇರ್ಲಿ’ ಅಂದ್ರು.”

ಓಮಾ ಟ್ರಕ್ಕಿನ ಕಿಟಕಿಗೆ ಮುಖವೊತ್ತಿ ಆ ತಿರುಪುಗಳನ್ನು ನೋಡಿದಳು.

“ಮರ್ತಿದೀನಂತೆ” ಎಂದಳು ಅರ್ಲೀನಾ.

ರೆನೀಟಾ ಮೆಲ್ಲಗೆ, “ಅಮ್ಮ ಇದನ್ನ ಅಪ್ಪನ ಜೊತೆ ಮಣ್ಣು ಮಾಡ್ಬೇಕು ಅಂತಿದಾಳೆ” ಎಂದಳು.

ಲೋವೆಲ್‌ನ ಹ್ಯಾಟು ತಿರುಗುವುದು ನಿಂತಿತು. “ಕೇಳೋ ಹಕ್ಕು ನಂಗಿಲ್ಲ” ಎಂದು ಮಾತ್ರ ಹೇಳಿ ದೂರ ಸರಿದು ನಿಂತ. ಒಳಗೆ ಹಾಡು ಶುರುವಾಗಿತ್ತು.

*

ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಬೆಳಿಗ್ಗೆ. ವರ್ಲಿನ್ ಅಡುಗೆಮನೆಯ ಮೇಜಿನ ಮೇಲೆ ಮ್ಯಾಂಡೊಲಿನ್ ಮಲಗಿಸಿ, ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಅರ್ಲೀನಾ ಹಿಟ್ಟು ಕಲಸುತ್ತಿದ್ದಳು.

“ಅರ್ಲೀನಾ.”

“ಹಾಂ?”

“ಈ ವರ್ಷ... ಬೇಲಿ ಹತ್ರ ಬ್ಲ್ಯಾಕ್‌ಬೆರಿ ಬಿಡುತ್ತಾ?”

“ಜುಲೈಗೆ ಬಿಡುತ್ತೆ. ಯಾಕೆ?”

“ಸುಮ್ನೆ.”

ಸ್ಕ್ರೂಡ್ರೈವರ್ ಜೇಬಿಗೆ ಹೋಯಿತು. ಮುದುಕನಿಗೆ ಕಡುಬಿನ ಆಸೆಯಾಗಿರಬೇಕು ಎಂದುಕೊಂಡಳು ಅವಳು. ಜುಲೈ ಬಂದಾಗ ನೆನಪಿಟ್ಟು, ಸೊಂಟ ನೋವಿದ್ದರೂ ಬೇಲಿಗೆ ಹೋಗಿ ಹಣ್ಣು ಬಿಡಿಸಿ ಕಡುಬು ಮಾಡಿದಳು. ತಿನ್ನುವಾಗ ಅವನ ಕಣ್ಣಲ್ಲಿ ನೀರು ತುಂಬಿತು. “ಬಿಸಿ ಇದೆ, ಆರಿಸ್ಕೊಂಡು ತಿನ್ನಬಾರದಾ” ಎಂದು ಗದರಿದ್ದಳು.

*

ಚರ್ಚಿನೊಳಗೆ ಪಂಗಡದ ಹಿರಿಯ ಬ್ರದರ್ ಕ್ಲೀಟಿಸ್ ಹಾಡಿನ ಒಂದೊಂದು ಸಾಲನ್ನು ಬೇಗಬೇಗ ಹೇಳಿಕೊಡುತ್ತಿದ್ದ. ಜನ ಅದನ್ನೇ ಹಿಡಿದು ನಿಧಾನವಾಗಿ, ಏರಿಳಿಸಿ ಎಳೆಯುತ್ತಿದ್ದರು. ತೆರೆದ ಪೆಟ್ಟಿಗೆಯಲ್ಲಿ ವರ್ಲಿನ್ ನೀಲಿ ಶರ್ಟು ತೊಟ್ಟು ಮಲಗಿದ್ದ. ಜೇಬಿನಿಂದ ಸ್ಕ್ರೂಡ್ರೈವರಿನ ಕೆಂಪು ಹಿಡಿ ಇಣುಕುತ್ತಿತ್ತು.

ಮುಂದಿನ ಬೆಂಚಿನಲ್ಲಿ ಕೂತ ಅರ್ಲೀನಾಗೆ ಮೊದಲು ಬಂದದ್ದು ಸಿಟ್ಟು. ಮೂವತ್ತು ಜನ ಅಪರಿಚಿತರ ಮುಂದೆ ಹೇಳಿಕೊಂಡ ಗಂಡಸು, ಮೇಜಿನ ಆಚೆ ಬದಿ ಹಿಟ್ಟು ಕಲಸುತ್ತಿದ್ದವಳಿಗೆ ಹೇಳಲಾರದೆ ಹೋದ. ಎದ್ದು ಹೋಗಿ ಭುಜ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆಮೇಲೆ, ತಾನು ‘ಚೆನ್ನಾಗಿದೆ’ ಎಂದಿದ್ದು ನೆನಪಾಯಿತು. ತಾನಾದರೂ ಒಂದು ಮಾತು ಬೈದಿದ್ದರೆ ಅವನು ಅವತ್ತೇ ಬಿಚ್ಚಿ ಎಸೆಯುತ್ತಿದ್ದನೇನೋ. ಇಬ್ಬರೂ ಒಬ್ಬರಿಗೊಬ್ಬರು ನೋವಾಗದಿರಲೆಂದು ಬಾಯಿ ಹೊಲಿದುಕೊಂಡು ಐವತ್ತೈದು ವರ್ಷ ಅದೇ ಟ್ರಕ್ಕಿನಲ್ಲಿ ಓಡಾಡಿದ್ದರು. ಅವಳಿಗೆ ಅಳು ಬಂತು. ಮೂರು ದಿನದಲ್ಲಿ ಅದು ಮೊದಲ ಸಲ.

ಮೊದಲನೆಯ ಬೋಧಕ ಮುಗಿಸಿ ಕೂತು, ಎರಡನೆಯವನು ಎದ್ದು ಗಂಟಲು ಸರಿಮಾಡಿಕೊಳ್ಳುವಾಗ ಅರ್ಲೀನಾ ಎದ್ದಳು. ಪೆಟ್ಟಿಗೆಯ ಬಳಿ ಹೋಗಿ ಗಂಡನ ಜೇಬಿಗೆ ಕೈ ಹಾಕಿದಳು.

“ಅಮ್ಮ!” ರೆನೀಟಾ ಪಿಸುಗುಟ್ಟಿದಳು.

“ಬಿಡೇ ಅವಳನ್ನ” ಎಂದಳು ಓಮಾ. ಪಿಸುಮಾತು ಎಂದು ಅವಳು ತಿಳಿದುಕೊಂಡದ್ದು ಕೊನೆಯ ಬೆಂಚಿಗೂ ಕೇಳಿತು.

ಅಂಗಳದಲ್ಲಿ ಯಾರೂ ಇರಲಿಲ್ಲ. ಟ್ರಕ್ಕಿನ ಸೀಟಿಗೆ ಹತ್ತಿ, ಮ್ಯಾಂಡೊಲಿನ್ನನ್ನು ತೊಡೆಯ ಮೇಲೆ ಮಲಗಿಸಿ ತಿರುಪಿಗೆ ಸ್ಕ್ರೂಡ್ರೈವರ್ ಇಟ್ಟಳು. ಅವಳ ಬೆರಳುಗಳಿಗೆ ಸಂಧಿವಾತ. ಹಠ ಮಾಡೀತೆಂದುಕೊಂಡಿದ್ದ ತಿರುಪು ಎರಡು ಸುತ್ತು ತಿರುಗಿಸಿದ್ದೇ ಕೈಗೆ ಬಂತು. ಎರಡನೆಯದೂ ಅಷ್ಟೇ. ತಿರುಪುಗಳ ತಲೆಯ ಗೀರು ಸವೆದು ನುಣ್ಣಗಾಗಿತ್ತು. ಹಿಡಿತ ಸಡಿಲವಾದ ತೂತುಗಳಿಗೆ ಅವನು ಬೆಂಕಿಕಡ್ಡಿಯ ಚೂರು ತುರುಕಿ ಬಿಗಿಮಾಡಿದ್ದ. ಆ ಎರಡು ಚೂರುಗಳು ಅವಳ ಕಪ್ಪು ಲಂಗದ ಮೇಲೆ ಉದುರಿದವು. ಎಷ್ಟು ಸಲ ಬಿಚ್ಚಿದರೆ ತೂತು ಹಾಗಾಗುತ್ತದೆ ಎಂದು ರೈತನ ಮಗಳಾದ ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಜುಲೈ ಒಂದರಲ್ಲೇ ಆದದ್ದಲ್ಲ ಅದು. ಅವಳು ತೋಟದಲ್ಲಿದ್ದಾಗ, ಅಂಗಡಿಗೆ ಹೋದಾಗ, ಅವನು ಒಬ್ಬನೇ ಕೂತು ಬಿಚ್ಚಿ ನೋಡುತ್ತಿದ್ದಿರಬೇಕು.

ಹಲಗೆಯ ಚೂರು ಎತ್ತಿದಳು. ಎಲೆ ಅಂಗಡಿಯ ಕಿಟಕಿಯಲ್ಲಿ ಕಂಡಷ್ಟೇ ಹಸಿರಾಗಿತ್ತು.

ಲೋವೆಲ್ ಚರ್ಚಿನ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಅವಳು ಹಿಂದಿರುಗಿ ಬರುವಾಗ ಅವನ ಎದುರು ನಿಂತಳು.

“ಮಾರೋದಿಲ್ಲ.”

“ಇಲ್ಲಮ್ಮ, ಖಂಡಿತ ಇಲ್ಲ.”

“ಹೂಳೋದೂ ಇಲ್ಲ. ಜುಲೈಲಿ ಬೀನ್ಸು ರೆನೀಟಾ ನೋಡ್ಕೋತಾಳೆ. ನಾನು ತಗೊಂಡು ಬರ್ತೀನಿ. ನಂಗೆ ಬಾರಿಸೋಕೆ ಬರಲ್ಲ.”

“ಬಾರಿಸೋರು ನಮ್ಮಲ್ಲಿ ಬೇಕಾದಷ್ಟಿದಾರೆ” ಎಂದ ಲೋವೆಲ್. “ಕಥೆ ಹೇಳೋರು ಬೇಕಾಗಿತ್ತು.”

ಒಳಗೆ ಬಂದು, ಬೋಧಕನ ಮಾತಿನ ನಡುವೆಯೇ, ಆ ಕರಿಮರದ ಚೂರನ್ನು ಗಂಡನ ಜೇಬಿನಲ್ಲಿಟ್ಟು ಗುಂಡಿ ಹಾಕಿದಳು. ಚಿಪ್ಪಿನ ಅಕ್ಷರಗಳು ಶರ್ಟಿನ ಒಳಗೆ ಮರೆಯಾದವು. ಸ್ಕ್ರೂಡ್ರೈವರ್ ಅವಳ ಕೈಚೀಲದಲ್ಲಿ ಉಳಿಯಿತು.

“ಏನದು?” ಎಂದಳು ಓಮಾ.

“ಅವರದೇ ಒಂದು ಸಾಮಾನು.”

ಹೂಳುವ ಜಾಗ ಚರ್ಚಿನ ಹಿಂದಿನ ಗುಡ್ಡದ ನೆತ್ತಿಯಲ್ಲಿತ್ತು. ಶವಪೆಟ್ಟಿಗೆಯವರ ಉದ್ದನೆಯ ಕಾರು ಆ ಕೊರಕಲು ದಾರಿ ಹತ್ತುವುದಿಲ್ಲವಾದ್ದರಿಂದ, ಅಲ್ಲಿಯ ರೂಢಿಯಂತೆ ವರ್ಲಿನ್‌ನ ಟ್ರಕ್ಕಿನ ತೆರೆದ ಹಿಂಬದಿಗೇ ಅವನನ್ನು ಏರಿಸಿದರು. ಸೋದರಳಿಯರು ಪೆಟ್ಟಿಗೆಯ ಎರಡೂ ಬದಿ ಹಿಡಿದು ನಿಂತರು. ರೆನೀಟಾ ಚಾಲಕನ ಸೀಟಿಗೆ ಹತ್ತಿದಳು. ಅರ್ಲೀನಾ ಇನ್ನೊಂದು ಬದಿಯಿಂದ ಹತ್ತಿ, ನಡುವೆ ಕೂತಿದ್ದ ಮ್ಯಾಂಡೊಲಿನ್ನಿನ ಬೆಲ್ಟ್ ಬಿಚ್ಚಿ, ಅದನ್ನು ಹಿಂದಕ್ಕೆ ತಿರುಗಿಸಿ ಕೂರಿಸಿ ಮತ್ತೆ ಬೆಲ್ಟ್ ಹಾಕಿದಳು. ಹಿಂದಿನ ಗಾಜಿನ ಆಚೆ ಪೆಟ್ಟಿಗೆ, ಈಚೆ ಹಸಿರು ಎಲೆ.

ಟ್ರಕ್ಕು ಮೊದಲ ಗೇರಿನಲ್ಲಿ ನರಳುತ್ತಾ ಹೊರಟಿತು. ಚರ್ಚಿನ ಮುಂದೆ ಜನ ಎರಡು ಸಾಲಾಗಿ ತಲೆ ಬಾಗಿಸಿ ನಿಂತಿದ್ದರು, ಬ್ರದರ್ ಕ್ಲೀಟಿಸ್ ಎಲ್ಲರಿಗಿಂತ ಮುಂದೆ. ಅಂಗಳದ ಮೊದಲ ಗುಂಡಿಗೆ ಚಕ್ರ ಇಳಿದದ್ದೇ ಎಂಟು ತಂತಿಗಳೂ ಒಮ್ಮೆಲೇ ಗುಂಯ್ ಎಂದವು.

“ಅಮ್ಮ, ಕೈ” ಎಂದಳು ರೆನೀಟಾ.

ಅರ್ಲೀನಾ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಳು. ಕಿಟಕಿಯ ಗಾಜು ಪೂರ್ತಿ ಇಳಿಸಿತ್ತು. ಎರಡನೆಯ ಗುಂಡಿ ಬಂತು, ಮೂರನೆಯದು ಬಂತು. ಗುಡ್ಡದ ನೆತ್ತಿಯವರೆಗೂ ತಂತಿಗಳು ನುಡಿಯುತ್ತಲೇ ಹೋದವು.